ಏಳೂವರೆ ಸಾವಿರ ಪೌಂಡಿನ ಬೋಟಿಗೆ ಗಾಡಿ ಹುಡುಕಿದ್ದು

ಬೋಟ್ ಮೊದಲು ತೆಕ್ಕೊಂಡೆ, ಅದನ್ನ ಎಳಿಯುವ ಗಾಡಿ ಆಮೇಲೆ ಹುಡುಕ್ಲಿಕ್ಕೆ ಹೊರಟೆ. ಕ್ರಮ ತಪ್ಪಿದ್ದೇ ಅಲ್ಲಿ. ಅದ್ರಿಂದ ಎರಡೂವರೆ ತಿಂಗಳು ಶನಿವಾರ ಭಾನುವಾರ ಅಂತಿಲ್ಲದೆ ಓಡಾಡಿದೆ, ಹಾಗೆ ಓಡಾಡಿ ಕಲಿತದ್ದನ್ನ ಇಲ್ಲಿ ಬರೀತಾ ಇದ್ದೇನೆ, ಯಾಕಂದ್ರೆ ಅಮೆರಿಕದಲ್ಲಿರುವ ನಮ್ಮವರು ಸುಮಾರು ಜನ ಈಗ ಬೋಟ್, ಕ್ಯಾಂಪರ್ (ಗಾಡಿ ಹಿಂದೆ ಎಳ್ಕೊಂಡು ಹೋಗುವ ಸಣ್ಣ ಮನೆ) ಅಂತ ತೆಕ್ಕೊಳ್ತಾ ಇದ್ದಾರೆ, ಎಲ್ಲರೂ ಮೊದಲು ಕೇಳುವ ಪ್ರಶ್ನೆ "ನನ್ನ ಗಾಡಿ ಇದನ್ನ ಎಳೀತದಾ" ಅಂತ, ಅದಕ್ಕೆ ಸಿಗುವ ಉತ್ತರ ಮಾತ್ರ ಮುಕ್ಕಾಲು ಪಾಲು ಸರಿ ಇರುದಿಲ್ಲ.

ನಾನಿರೋದು ಡಾಲಸ್ ಉತ್ತರಕ್ಕೆ. ಊರು ಗಂಗೊಳ್ಳಿ. ಅಪ್ಪಯ್ಯನಿಗೆ ಮೂವತ್ತು ವರ್ಷ ಟ್ರಾಲ್ ಬೋಟಲ್ಲಿ ಪಾಲಿತ್ತು, ಈಗ ಸಮುದ್ರಕ್ಕೆ ಇಳಿಯುದು ಬಿಟ್ಟಿದ್ದಾರೆ, ಆದ್ರೂ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರ್ತದಲ್ಲ, ಆ 61 ದಿನ ಬಿಟ್ಟು ಬೇರೆ ಯಾವಾಗ ಕರೆದ್ರೂ ಅವರಿಗೆ ಬಂದರು ಬಿಟ್ಟು ಬರ್ಲಿಕ್ಕೆ ಮನಸ್ಸಿಲ್ಲ. ಹೋದ ವರ್ಷ ಜೂನಲ್ಲಿ ಅಪ್ಪಯ್ಯ ಅಮ್ಮ ಇಬ್ಬರೂ ಬರ್ತೇವೆ ಅಂದ್ರು. ಇಲ್ಲಿಗೆ ಬಂದಾಗೆಲ್ಲ ಮಾಲು, ದೇವಸ್ಥಾನ, ಮನೆ ಅಂತ ಕೂತು ಬೇಜಾರಾಗ್ತಿದ್ದ ಮನುಷ್ಯನನ್ನ ಒಂದ್ ಸಲ ನೀರಿಗೆ ಇಳಿಸ್ಬೇಕು, ಆದ್ರೆ ಗಲ್ಫ್ ಸಮುದ್ರಕ್ಕೇ ಕರ್ಕೊಂಡ್ ಹೋಗ್ಬೇಕು ಅಂತ ನನ್ನ ತಲೆಯಲ್ಲಿ ಕೂತಿತ್ತು. ಮಾರ್ಚಲ್ಲಿ ಲೇಕ್ ಟೆಕ್ಸೋಮಾ ಹತ್ರ ಒಂದು ಸ್ಟೋರೇಜ್ ಯಾರ್ಡಲ್ಲಿ 24 ಅಡಿಯ ಸೆಂಟರ್ ಕನ್ಸೋಲ್ ಬೋಟ್ (ಸ್ಟಿಯರಿಂಗ್ ನಡುವಲ್ಲಿರುವ ತೆರೆದ ಬೋಟ್) ಒಂದು ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕಿತು, ಎರಡು ಆಕ್ಸಲಿನ ಟ್ರೇಲರ್ ಸಮೇತ. ಬೆಲೆ ಒಳ್ಳೇದಿತ್ತು, ಎಂಜಿನ್ ಪರೀಕ್ಷೆ ಮಾಡಿಸಿದೆ, ದುಡ್ಡು ಕೊಟ್ಟೆ.

ಮಾರಿದವರು ಹೇಳಿದ್ದು ಬೋಟಿನ ತೂಕ 4,600 ಪೌಂಡ್. ನನ್ನ ಹತ್ರ ಇದ್ದದ್ದು 2017ರ ವಿ6 ಟೊಯೋಟಾ ಹೈಲ್ಯಾಂಡರ್, ಅದರ ಟೋಯಿಂಗ್ ಮಿತಿ 5,000 ಪೌಂಡ್. 4,600 ಅಂದ್ರೆ 5,000ದ ಒಳಗೇ ಆಯ್ತಲ್ಲ ಅಂತ ನಾನು ಹಿಚ್ (ಗಾಡಿ ಹಿಂದೆ ಟ್ರೇಲರ್ ಸಿಕ್ಕಿಸುವ ಕಬ್ಬಿಣ) ಹಾಕಿಸ್ಲಿಕ್ಕೆ ಎಷ್ಟಾಗ್ತದೆ ಅಂತ ಫೋನಲ್ಲಿ ವಿಚಾರಿಸ್ತಾ ನಿಂತಿದ್ದೆ, ಆಗ ಪಕ್ಕದಲ್ಲಿ ತನ್ನ ಬೋಟಿಗೆ ಕವರ್ ಕಟ್ತಿದ್ದ ಒಬ್ಬ ಅಜ್ಜ ಬಂದು ಒಂದೇ ಪ್ರಶ್ನೆ ಕೇಳಿದ್ರು: ಆ 4,600 ಒಣ ತೂಕವಾ, ಟ್ರೇಲರ್ ಸೇರಿಸಿದ ತೂಕವಾ? ನನಗೆ ಗೊತ್ತಿರ್ಲಿಲ್ಲ. ತೂಕ ಮಾಡಿಸದೆ ಈ ಗೇಟ್ ದಾಟ್ಬೇಡ ಅಂದ್ರು. ಆ ಅಜ್ಜನ ಋಣ ನನ್ನ ಮೇಲೆ ಯಾವಾಗ್ಲೂ ಇರ್ತದೆ.

ಈ ಒಣ ತೂಕ ಅಂದ್ರೆ ಡ್ರೈ ವೆಯ್ಟ್, ಅದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಿ. ಕಂಪನಿ ಬರೆಯುವ ಆ ಸಂಖ್ಯೆಯಲ್ಲಿ ಪೆಟ್ರೋಲ್ ಇಲ್ಲ, ನೀರಿಲ್ಲ, ಲಂಗರು ಹಗ್ಗ ಲೈಫ್ ಜಾಕೆಟ್ ಐಸ್ ಬಾಕ್ಸ್ ಇಲ್ಲ, ಕೆಲವರು ಬ್ಯಾಟರಿ ಸೇರಿಸುದಿಲ್ಲ, ಇನ್ನು ಕೆಲವರದ್ದು ಎಂಜಿನ್ ಕೂಡ ಬಿಟ್ಟು ಬರೆದ ತೂಕ. ಟ್ರೇಲರಿನ ತೂಕ ಅಂತೂ ಅದರಲ್ಲಿ ಇರುದೇ ಇಲ್ಲ, ಎರಡು ಆಕ್ಸಲಿನ ಟ್ರೇಲರ್ ಒಂದೇ ಸಾವಿರದ ಇನ್ನೂರು ಮುನ್ನೂರು ಪೌಂಡ್ ತೂಗ್ತದೆ. ಪೆಟ್ರೋಲ್ ಒಂದು ಗ್ಯಾಲನ್‌ಗೆ ಸುಮಾರು 6 ಪೌಂಡ್, ನನ್ನ ಬೋಟಿನ ಟ್ಯಾಂಕ್ 80 ಗ್ಯಾಲನ್, ಅಂದ್ರೆ ತುಂಬಿಸಿದ್ರೆ ಪೆಟ್ರೋಲೇ 480 ಪೌಂಡ್!

ತೂಕ ಮಾಡಿಸುದು ಕಷ್ಟ ಏನಲ್ಲ. ಹೈವೇ ಪಕ್ಕ ದೊಡ್ಡ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಇರ್ತದೆ, ಲಾರಿಯವರು ತೂಕ ನೋಡುವ ಜಾಗ, ಯಾರು ಬೇಕಾದ್ರೂ ಹೋಗ್ಬಹುದು. ಬೋಟ್ ಸಾಗಿಸುವ ಒಬ್ಬ ಬಾಡಿಗೆಯವನನ್ನ ಕರೆದೆ, ಅವನ ದೊಡ್ಡ ಡೀಸೆಲ್ ಪಿಕಪ್ಪಿಗೆ ಟ್ರೇಲರ್ ಹಾಕಿ ಸ್ಕೇಲ್ ಮೇಲೆ ನಿಲ್ಲಿಸಿದ್ವಿ. ಅದರಲ್ಲಿ ಮೂರು ಹಲಗೆ ಬೇರೆ ಬೇರೆ ಉಂಟು, ಪಿಕಪ್ಪಿನ ಮುಂದಿನ ಆಕ್ಸಲ್ ಒಂದರ ಮೇಲೆ, ಹಿಂದಿನದ್ದು ಇನ್ನೊಂದರ ಮೇಲೆ, ಟ್ರೇಲರಿನ ಚಕ್ರ ಮೂರನೇದರ ಮೇಲೆ ಬರುವ ಹಾಗೆ ನಿಲ್ಲಿಸ್ಬೇಕು. ಚೀಟಿ ಬಂತು: ಮುಂದೆ 4,200, ಹಿಂದೆ 4,020, ಟ್ರೇಲರ್ 6,380, ಒಟ್ಟು 14,600. ಆಮೇಲೆ ಟ್ರೇಲರ್ ಬಿಚ್ಚಿ ಪಕ್ಕದಲ್ಲಿಟ್ಟು ಬರೇ ಪಿಕಪ್ ತೂಗಿದ್ವಿ: ಮುಂದೆ 4,380, ಹಿಂದೆ 3,160, ಒಟ್ಟು 7,540. ಕಳೆದ್ರೆ ಟ್ರೇಲರ್ ಸಮೇತ ಬೋಟಿನ ತೂಕ 7,060. ಅದರಲ್ಲಿ 680 ಪೌಂಡ್ ಟ್ರೇಲರಿನ ಚಕ್ರದ ಮೇಲೆ ಇಲ್ಲ, ಪಿಕಪ್ಪಿನ ಹಿಂಭಾಗದ ಮೇಲೆ ಕೂತಿದೆ, ಇದಕ್ಕೇ ಟಂಗ್ ವೆಯ್ಟ್ ಅನ್ನುದು. ಇನ್ನೊಂದು ನೋಡಿ, ಟ್ರೇಲರ್ ಹಾಕಿದಾಗ ಪಿಕಪ್ಪಿನ ಮುಂದಿನ ಚಕ್ರದ ಮೇಲಿನ ಭಾರ 180 ಪೌಂಡ್ ಕಮ್ಮಿ ಆಗಿದೆ. ಹಿಂದಿನ ಆಕ್ಸಲಿಗಿಂತ ಆಚೆ ಭಾರ ಕೂತ್ರೆ ಮುಂದಿನದ್ದು ಏಳ್ತದೆ, ಸನ್ನೆಗೋಲಿನ ಲೆಕ್ಕ. ಸ್ಟಿಯರಿಂಗ್ ಮಾಡುವ ಚಕ್ರ ಅದೇ ಅಲ್ವಾ, ಅದು ಹಗುರ ಆದ್ರೆ ಗಾಡಿ ತಿರುಗುದೂ ನಿಲ್ಲುದೂ ಎರಡೂ ಹಾಳಾಗ್ತದೆ.

7,060 ಅಂದ್ರೆ 3,200 ಕಿಲೋ. ಊರಿನ ಲೆಕ್ಕದಲ್ಲಿ ಮೂರೂವರೆ ಸ್ವಿಫ್ಟ್ ಕಾರು. ಅದೂ ಟ್ಯಾಂಕಲ್ಲಿ ಬರೇ ಕಾಲು ಭಾಗ ಪೆಟ್ರೋಲ್ ಇದ್ದಾಗ. ತುಂಬಿಸಿದ್ರೆ ಇನ್ನೂ 360, ಐಸು ಊಟ ಮಕ್ಕಳ ಟ್ಯೂಬು ಗಾಳ ಎಲ್ಲಾ ಸೇರಿ ಒಂದ್ 150 ಇಟ್ಕೊಂಡ್ರೆ 7,570. ಆವತ್ತು ರಾತ್ರಿ ಆ ಚೀಟಿ ಡೈನಿಂಗ್ ಟೇಬಲ್ ಮೇಲೆ ಇಟ್ಟು ಹೆಂಡತಿಗೆ ತೋರಿಸಿದೆ, ಅವಳು ಎರಡು ಸಲ ಓದಿ, ಹಾಗಾದ್ರೆ ನಮ್ಮ ಗಾಡಿಯಲ್ಲಿ ಆಗುದಿಲ್ಲ ಅಲ್ವಾ ಅಂದಳು. ಆಗುದಿಲ್ಲ ಅಂತ ಒಪ್ಪಿಕೊಂಡೆ. 4,400 ಪೌಂಡಿನ ಆಸುಪಾಸಿನ ಒಂದು ಗಾಡಿಯನ್ನ ಅದರ ಒಂದೂವರೆ ಪಟ್ಟಿಗಿಂತ ಭಾರದ ಬೋಟು ಇಳಿಜಾರಲ್ಲಿ ಹಿಂದಿಂದ ದೂಡುದನ್ನ ನೆನೆಸಿಕೊಂಡ್ರೆ ಈಗ್ಲೂ ಮೈ ಜುಂ ಅಂತದೆ. ಎಳಿಯುದು ಏನಾದ್ರೂ ಎಳೀತಿತ್ತೋ ಏನೋ, ನಿಲ್ಲಿಸ್ಲಿಕ್ಕೆ ಆಗ್ತಿರ್ಲಿಲ್ಲ.

ಸರಿ, ದೊಡ್ಡ ಗಾಡಿ ಬೇಕು. ಜಾಹೀರಾತು ನೋಡಿದ್ರೆ ಎಲ್ಲಾ ಪಿಕಪ್ಪುಗಳೂ 10 ಸಾವಿರ, 12 ಸಾವಿರ, 13 ಸಾವಿರ ಪೌಂಡ್ ಎಳೀತವೆ ಅಂತ ಬರ್ದಿರ್ತದೆ. ಈ ಸಂಖ್ಯೆ ಸುಳ್ಳಲ್ಲ. ಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಲೆಕ್ಕ ಹಾಕ್ತಿತ್ತು, ಆಮೇಲೆ ಜೆ2807 ಅಂತ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯವರು ಒಂದು ಸಾಮಾನ್ಯ ಪರೀಕ್ಷೆ ಮಾಡಿದ್ರು, ಟೊಯೋಟಾದವರು 2011ರ ಮಾಡೆಲಿಂದ ಅದನ್ನ ಮೊದಲು ಒಪ್ಪಿಕೊಂಡ್ರು. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಹತ್ರ 11 ಮೈಲಿಗೂ ಜಾಸ್ತಿ ಉದ್ದದ ಒಂದು ಏರು ಉಂಟು, ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಏಸಿ ಪೂರ್ತಿ ಹಾಕ್ಕೊಂಡು ಗಂಟೆಗೆ 40 ಮೈಲಿಗಿಂತ ಕೆಳಗೆ ಇಳೀದೆ ಅದನ್ನ ಹತ್ಬೇಕು. ಚೆನ್ನಾದ ಪರೀಕ್ಷೆಯೇ. ಆದ್ರೆ ಗಾಡಿಯಲ್ಲಿ ಕೂರುವವರು ತಲಾ 150 ಪೌಂಡಿನ ಇಬ್ಬರು ಅಂತ ಅದರ ಲೆಕ್ಕ. ನಾವು ಆರು ಜನ.

ಇಲ್ಲೇ ನನಗೆ ನಿಜವಾದ ವಿಷಯ ಗೊತ್ತಾದದ್ದು. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಹಳದಿ ಬಿಳಿ ಬಣ್ಣದ ಒಂದು ಸ್ಟಿಕರ್ ಇರ್ತದೆ, ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟ್ಬಾರ್ದು ಅಂತ. ಇದು ಆ ಒಂದು ಗಾಡಿಗೇ ಬರೆದದ್ದು, ಅದೇ ಮಾಡೆಲಿನ ಪಕ್ಕದ ಗಾಡಿಯಲ್ಲಿ ಬೇರೆ ಸಂಖ್ಯೆ ಇರ್ಬಹುದು. ಇದಕ್ಕೆ ಪೇಲೋಡ್ ಅಂತಾರೆ. ಟಂಗ್ ವೆಯ್ಟ್ ಕೂಡ ಈ ಲೆಕ್ಕದಲ್ಲೇ ಬರ್ತದೆ, ಇದನ್ನ ಸುಮಾರು ಜನ ಬಿಟ್ಟುಬಿಡ್ತಾರೆ. ನಮ್ಮದು ಕೂಡಿಸಿದೆ: ನಾನು 175, ಹೆಂಡತಿ 140, ಮಕ್ಕಳಿಬ್ಬರು 125, ಅಪ್ಪಯ್ಯ ಅಮ್ಮ 280, ಅಲ್ಲಿಗೆ 720. ಟಂಗ್ ವೆಯ್ಟ್ ಹತ್ತು ಪರ್ಸೆಂಟ್ ಹಿಡಿದ್ರೆ 757. ಹಿಚ್ಚಿನ ಕಬ್ಬಿಣ 40. ಗಾಡಿಯೊಳಗಿನ ಬ್ಯಾಗು ಬುತ್ತಿ 100. ಒಟ್ಟು 1,617. ಈ ಸಂಖ್ಯೆಯನ್ನ ಫೋನಲ್ಲಿ ಬರೆದಿಟ್ಕೊಂಡು ಅವತ್ತಿಂದ ಯಾವ ಗಾಡಿ ನೋಡ್ಲಿಕ್ಕೆ ಹೋದ್ರೂ ಎಂಜಿನ್ ನೋಡುವ ಮೊದಲು ಬಾಗಿಲು ತೆಗೆದು ಸ್ಟಿಕರ್ ನೋಡುದು ಅಭ್ಯಾಸ ಆಯ್ತು.

ಮೊದಲು ನೋಡಿದ್ದು ಒಂದು ಹಾಫ್ ಟನ್ ಪಿಕಪ್, ಅಂದ್ರೆ ಎಫ್-150, ಸಿಲ್ವರಾಡೋ 1500, ಟುಂಡ್ರಾ ಎಲ್ಲಾ ಬರುವ ಸೈಜು. ಮೇಲಿನ ಟ್ರಿಮ್, ಚರ್ಮದ ಸೀಟು, ತಲೆ ಮೇಲೆ ದೊಡ್ಡ ಗಾಜು, ಮಕ್ಕಳು ಹತ್ತಿ ಕೂತವರು ಇಳೀಲಿಲ್ಲ. ಸೇಲ್ಸಿನವರು 11 ಸಾವಿರ ಆರಾಮಲ್ಲಿ ಎಳೀತದೆ ಅಂದ್ರು. ಬಾಗಿಲಿನ ಸ್ಟಿಕರ್ 1,340. ಆ ಗಾಜು, ಆ ಸೀಟಿನ ಮೋಟಾರು, ಆ ದೊಡ್ಡ ರಿಮ್ಮು ಎಲ್ಲಾ ಪೇಲೋಡಿಂದಲೇ ಕಳೆಯುದು, ಯಾವ ಕಂಪನಿಯಾದ್ರೂ ಇದೇ ಲೆಕ್ಕ, ಐಷಾರಾಮ ಜಾಸ್ತಿ ಆದಷ್ಟೂ ಭಾರ ಹೊರುದು ಕಮ್ಮಿ. ನಮ್ಮ ಆರು ಜನ ಹತ್ತಿದ ಮೇಲೆ ಬೋಟಿಗೆ ಅಂತ ಉಳಿಯುದು 600ರ ಹತ್ರ, ನಮಗೆ ಬೇಕಾದದ್ದು 757, ಮುಗೀತು.

ಆಮೇಲೆ ಎಸ್‌ಯುವಿ ಕಡೆ ತಿರುಗಿದೆ, ಮೂರು ಸಾಲು ಸೀಟು ಇದ್ರೆ ಅಮ್ಮನಿಗೆ ಆರಾಮ ಅಂತ. ನಾನು ನೋಡಿದ ಮಾಡೆಲುಗಳಲ್ಲಿ ಟಾಹೋ ಹೆಚ್ಚಂದ್ರೆ 8,400, ಎಕ್ಸ್‌ಪೆಡಿಷನ್ ಹೆವಿ ಡ್ಯೂಟಿ ಟೋ ಪ್ಯಾಕೇಜ್ ಇದ್ರೆ 9,300. ಮಿತಿಯ ಎಂಬತ್ತು ಪರ್ಸೆಂಟಿಗಿಂತ ಜಾಸ್ತಿ ಎಳೀಬಾರ್ದು ಅಂತ ನಾನು ಹಾಕ್ಕೊಂಡ ಲೆಕ್ಕ, ಆ ಪ್ರಕಾರ 7,570ಕ್ಕೆ ಸುಮಾರು 9,500 ಮಿತಿಯ ಗಾಡಿ ಬೇಕು. ಎಕ್ಸ್‌ಪೆಡಿಷನ್ ಅಂಚಲ್ಲಿತ್ತು, ನಾನು ನೋಡಿದ್ದರ ಸ್ಟಿಕರ್ 1,560. ಚಕ್ರದಿಂದ ಚಕ್ರಕ್ಕೆ ಅದು 122.5 ಇಂಚು, ಅದೇ ಎಫ್-150 ನಾಲ್ಕು ಬಾಗಿಲಿಂದು ಸಣ್ಣ ಬೆಡ್ (ಹಿಂದೆ ಸಾಮಾನು ಹಾಕುವ ತೊಟ್ಟಿ) ಆದ್ರೂ 145. ಈ ವೀಲ್‌ಬೇಸ್ ಉದ್ದ ಇದ್ದಷ್ಟೂ ಗಾಳಿಗೆ, ಲಾರಿ ಪಕ್ಕ ಹಾದಾಗ ಟ್ರೇಲರ್ ಗಾಡಿಯ ಬಾಲವನ್ನ ಎಳೆದಾಡುದು ಕಮ್ಮಿ. ಮನಸ್ಸಿತ್ತು, ಬಿಟ್ಟೆ.

ಆಫೀಸಿನ ಗೆಳೆಯ ಒಬ್ಬ ಎಲೆಕ್ಟ್ರಿಕ್ ತೆಕ್ಕೋ ಅಂದ. ಎಫ್-150 ಲೈಟ್ನಿಂಗ್ 10 ಸಾವಿರದವರೆಗೆ ಎಳೀತದೆ, ಎಳೆಯುವ ಬಲಕ್ಕೆ ಏನೂ ಕೊರತೆ ಇಲ್ಲ, ಬೋಟ್ ನೀರಿಗಿಳಿಸುವ ರ‍್ಯಾಂಪಲ್ಲಿ ಅಂತೂ ಎಲೆಕ್ಟ್ರಿಕ್ ಮೋಟಾರಿನಷ್ಟು ನಯ ಬೇರೆ ಯಾವುದೂ ಇಲ್ಲ. ಆದ್ರೆ ಭಾರದ ಟ್ರೇಲರ್ ಹಾಕಿದ್ರೆ ಓಡುವ ದೂರ ಸುಮಾರು ಅರ್ಧಕ್ಕೆ ಇಳೀತದೆ, ಚಾರ್ಜಿಂಗ್ ಜಾಗ ಮುಕ್ಕಾಲು ಪಾಲು ಕಾರು ನುಗ್ಗಿಸಿ ನಿಲ್ಲಿಸುವ ಹಾಗೆ ಕಟ್ಟಿದ್ದು, 27 ಅಡಿ ಟ್ರೇಲರ್ ಬಿಚ್ಚಿ ಬದಿಗಿಟ್ಟು ಚಾರ್ಜ್ ಮಾಡ್ಬೇಕು. ಹತ್ತಿರದ ಕೆರೆಗೆ ಮಾತ್ರ ಹೋಗುವವರಿಗೆ ಅದು ಚೆನ್ನ ಅಂತ ನನ್ನ ಅಭಿಪ್ರಾಯ, ನನಗೆ ಸಮುದ್ರಕ್ಕೆ ಹೋಗ್ಬೇಕಿತ್ತು, 400 ಮೈಲಿಗೂ ಮೇಲೆ.

ಏಪ್ರಿಲ್ ಕೊನೆಗೆ ಒಂದು ಹಾಫ್ ಟನ್ ಎಲ್ಲಾ ರೀತಿಯಲ್ಲೂ ಸರಿ ಬಂತು. ಸಾದಾ ಟ್ರಿಮ್, ಬಟ್ಟೆ ಸೀಟು, ಮುಂದೆ ಮೂರು ಜನ ಕೂರುವ ಬೆಂಚು, ಉದ್ದದ ಬೆಡ್, ಸ್ಟಿಕರ್ 1,810. ಅಡ್ವಾನ್ಸ್ ಕೊಡ್ಲಿಕ್ಕೆ ಕೈ ಜೇಬಿಗೆ ಹೋಗಿತ್ತು. ಹಿಚ್ ತುಕ್ಕು ಹಿಡಿದಿದೆಯಾ ನೋಡುವ ಅಂತ ಬಗ್ಗಿದೆ, ರಿಸೀವರ್ (ಬಾಲ್ ಮೌಂಟ್ ತೂರಿಸುವ ಚೌಕ ಕೊಳವೆ) ಮೇಲೆ ಇನ್ನೊಂದು ಸ್ಟಿಕರ್! ಅದರಲ್ಲಿ ಎರಡು ಸಾಲು. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದ್ರೆ ಹತ್ತು ಸಾವಿರದ ಮೇಲೆ, ಹಾಕದೆ ಬರೇ ಬಾಲ್ (ಟ್ರೇಲರಿನ ಮೂಗು ಕೂರುವ ಕಬ್ಬಿಣದ ಗುಂಡು) ಮೇಲೆ ಕೂರಿಸಿದ್ರೆ 5,000, ಟಂಗ್ 500. ನನ್ನದು 757.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಬೋಟಿನವರಿಗೆ ಇದೇ ದೊಡ್ಡ ತೊಡಕು. ವೆಯ್ಟ್ ಡಿಸ್ಟ್ರಿಬ್ಯೂಷನ್ ಅಂದ್ರೆ ಹಿಚ್ಚಿನ ಎರಡು ಬದಿಯಿಂದ ಗಟ್ಟಿ ಸ್ಪ್ರಿಂಗ್ ಕಂಬಿಗಳು ಟ್ರೇಲರಿನ ಚೌಕಟ್ಟಿಗೆ ಹೋಗಿ ಎಳ್ಕೊಂಡು, ಏಳುವ ಮುಂದಿನ ಆಕ್ಸಲನ್ನ ಮತ್ತೆ ಕೆಳಗೆ ಒತ್ತುವ ವ್ಯವಸ್ಥೆ. ಕ್ಯಾಂಪರ್ ಎಳಿಯುವವರು ಸುಮಾರು ಜನ ಹಾಕ್ತಾರೆ. ಬೋಟ್ ಟ್ರೇಲರಲ್ಲಿ ಕಷ್ಟ ಯಾಕಂದ್ರೆ ಮುಂದಿನ ಭಾಗ ಸುಮಾರು ಸಲ ಒಂದೇ ಕಂಬ, ಕಂಬಿ ಸಿಕ್ಕಿಸ್ಲಿಕ್ಕೆ ಜಾಗ ಇಲ್ಲ. ಮತ್ತೆ ಬ್ರೇಕ್. ಕ್ಯಾಂಪರಿಂದು ಎಲೆಕ್ಟ್ರಿಕ್ ಬ್ರೇಕ್, ಬೋಟ್ ಟ್ರೇಲರ್ ನೀರಿಗೆ ಮುಳುಗುದರಿಂದ ಅದರಲ್ಲಿ ಹೆಚ್ಚಾಗಿ ಇರುದು ಸರ್ಜ್ ಬ್ರೇಕ್. ಗಾಡಿ ನಿಧಾನ ಮಾಡಿದಾಗ ಟ್ರೇಲರ್ ಮುಂದಕ್ಕೆ ದೂಡ್ತದೆ, ಆ ದೂಡುವ ಬಲಕ್ಕೆ ಕಪ್ಲರ್ (ಬಾಲನ್ನ ಹಿಡಿಯುವ ಟ್ರೇಲರಿನ ಮೂಗು) ಒಳಗೆ ಜಾರಿ ಎಣ್ಣೆ ಒತ್ತಿ ತನ್ನ ಬ್ರೇಕ್ ತಾನೇ ಹಾಕ್ಕೊಳ್ತದೆ, ಗಾಡಿಯಲ್ಲಿ ಬೇರೆ ಕಂಟ್ರೋಲರ್ ಬೇಡ. ಕೆಲವು ಜಾತಿಯ ಕಂಬಿ ಆ ಜಾರುದನ್ನೇ ತಡೀತವೆ. ಸರ್ಜ್ ಬ್ರೇಕಿಗೆ ಹೊಂದುವ ಹಿಚ್ಚೂ ಸಿಗ್ತವೆ, ನನ್ನ ಟ್ರೇಲರಿಗೆ ಕೂರುದಿಲ್ಲ ಅಂತ ವೆಲ್ಡಿಂಗಿನವರು ಹೇಳಿದ್ರು. ಮತ್ತೆ ಪ್ರತಿ ಸಲ ರ‍್ಯಾಂಪಿಗೆ ಹೋದಾಗ ಅದನ್ನ ಬಿಚ್ಚಿ ಕಟ್ಟಿ ಯಾರು ಮಾಡ್ತಾರೆ? ಎಲ್ಲಾ ಹಾಫ್ ಟನ್ ಹೀಗೇ ಅಂತ ನಾನು ಹೇಳುದಿಲ್ಲ, ಒಂದೊಂದರ ಮಿತಿ ಒಂದೊಂದು ರೀತಿ, ಹಾಗಾಗಿ ಬಾಗಿಲಿನ ಸ್ಟಿಕರ್ ನೋಡಿದ ಹಾಗೆಯೇ ಬಗ್ಗಿ ಹಿಚ್ಚಿಂದು ಓದಿ, ಮ್ಯಾನ್ಯುವಲ್ ಓದಿ. ನಾನು ಅಡ್ವಾನ್ಸ್ ಕೊಡದೆ ಮನೆಗೆ ಬಂದೆ. ಅಪ್ಪಯ್ಯ ಬರ್ಲಿಕ್ಕೆ ಐದು ವಾರ ಇತ್ತು.

ಅಲ್ಲಿಗೆ ಒಂದು ಸೈಜ್ ದೊಡ್ಡದಾದ ತ್ರೀ ಕ್ವಾರ್ಟರ್ ಟನ್ ಪಿಕಪ್ ಬಿಟ್ಟು ದಾರಿ ಇಲ್ಲ ಅಂತಾಯ್ತು, ಎಫ್-250, ರ‍್ಯಾಮ್ 2500, ಸಿಲ್ವರಾಡೋ 2500. ಇಲ್ಲಿ ಡೀಸೆಲಾ ಪೆಟ್ರೋಲಾ ಅನ್ನುದು ಪ್ರಶ್ನೆ. ಡೀಸೆಲ್ ಎಳಿಯುದರಲ್ಲಿ ರಾಜ, ಬೆಟ್ಟದ ಮೇಲೆ ಅದಕ್ಕೆ ಸಮ ಇಲ್ಲ, ಆದ್ರೆ ಆ ಎಂಜಿನ್ನೇ ಭಾರ, ಅದರ ಭಾರ ಪೇಲೋಡಿಂದ ಕಳೀತದೆ, ಬೆಲೆ ಜಾಸ್ತಿ, ರಿಪೇರಿ ಜಾಸ್ತಿ. ಮತ್ತೆ ವಾರದ ಉಳಿದ ದಿನ ನಾನು ಮಕ್ಕಳನ್ನ ಶಾಲೆಗೆ ಬಿಟ್ಟು ಮೂರು ಮೈಲಿ ಓಡಿಸುವವ, ಈಗಿನ ಡೀಸೆಲಿನ ಹೊಗೆ ಫಿಲ್ಟರಿಗೆ ಹಾಗೆ ಸಣ್ಣ ಸಣ್ಣ ಓಟ ಒಳ್ಳೇದಲ್ಲ, ಬಿಸಿಯಾಗಿ ತನ್ನಷ್ಟಕ್ಕೆ ಸ್ವಚ್ಛ ಆಗ್ಲಿಕ್ಕೆ ಉದ್ದ ಓಟ ಬೇಕು. ವರ್ಷಕ್ಕೆ ಇಪ್ಪತ್ತು ಸಲ ಬೋಟ್ ಎಳೀಲಿಕ್ಕೆ ಪೆಟ್ರೋಲ್ ಸಾಕು ಅಂತ ತೀರ್ಮಾನ ಮಾಡಿದೆ, ಇವತ್ತಿಗೂ ಅದರ ಬಗ್ಗೆ ನನಗೆ ಬೇಜಾರಿಲ್ಲ.

ಸಿಕ್ಕಿದ್ದು 2019ರ ಎಫ್-250, 6.2 ಲೀಟರ್ ವಿ8, ಆರು ಗೇರಿನ ಆಟೊಮ್ಯಾಟಿಕ್, ಫೋರ್ ವೀಲ್, ಮುಂದೆ ಬೆಂಚ್ ಸೀಟು, 385 ಹಾರ್ಸ್‌ಪವರ್. ಕ್ಯಾಂಪರ್ ಮಾರಿ ನಿವೃತ್ತಿಯಾದ ಒಬ್ಬರು ಮನೆಯಿಂದಲೇ ಮಾರ್ತಿದ್ರು. ಬಾಗಿಲಿನ ಸ್ಟಿಕರ್ 2,870! ಬಗ್ಗಿ ನೋಡಿದೆ, ಹಿಚ್ಚಿನ ಮಿತಿ ಕಂಬಿ ಇಲ್ಲದೆಯೇ ನಮಗೆ ಬೇಕಾದದ್ದಕ್ಕಿಂತ ಎಷ್ಟೋ ಮೇಲೆ. ಆದ್ರೂ ನಾನು ಒಂದು ಮಾತು ಕೇಳಿದೆ, ಬೋಟ್ ಹಾಕಿ ಓಡಿಸಿ ನೋಡ್ಬಹುದಾ ಅಂತ. ಅಂಗಡಿಗಳಲ್ಲಿ ಕೇಳಿದಾಗ ಇನ್ಶೂರೆನ್ಸ್ ಅಂತ ಹೇಳಿ ಆಗುದಿಲ್ಲ ಅಂದಿದ್ರು. ಇವರು ಒಂದ್ ಗಂಟೆ ದಾರಿ ನನ್ನ ಜೊತೆ ಯಾರ್ಡಿಗೆ ಬಂದ್ರು.

ಆ ದಿನದ್ದು ಚೆನ್ನಾಗಿ ನೆನಪುಂಟು. ಎಳಿಯುದಕ್ಕಿಂತ ನಾನು ನೋಡಿದ್ದು ನಿಲ್ಲಿಸುದನ್ನ. ಖಾಲಿ ಹಳ್ಳಿ ರಸ್ತೆಯಲ್ಲಿ 45 ಮೈಲಿ ವೇಗಕ್ಕೆ ಹೋಗಿ ಗಟ್ಟಿ ಬ್ರೇಕ್ ಒತ್ತಿದೆ, ಹಿಂದಿಂದ ಒಂದು ದೊಡ್ಡ ತಳ್ಳು, ಸರ್ಜ್ ಬ್ರೇಕ್ ಹಿಡೀಲೇ ಇಲ್ಲ. ಗಾಡಿ ತನ್ನ ಭಾರದ ಬಲದಿಂದ ನೆಟ್ಟಗೆ ನಿಂತಿತು, ಆದ್ರೆ ದೂರ ಜಾಸ್ತಿ ಆಯ್ತು. ಇಳಿದು ನೋಡಿದ್ರೆ ಆ್ಯಕ್ಚುವೇಟರಲ್ಲಿ, ಅಂದ್ರೆ ಕಪ್ಲರ್ ಹಿಂದೆ ಎಣ್ಣೆ ಒತ್ತುವ ಭಾಗದಲ್ಲಿ, ಬ್ರೇಕ್ ಎಣ್ಣೆ ಒಣಗಿದೆ, ಒಳಗೆ ತುಕ್ಕು. ಟೆಕ್ಸಾಸಲ್ಲಿ 4,500 ಪೌಂಡ್ ದಾಟಿದ ಟ್ರೇಲರಿಗೆ ಬ್ರೇಕ್ ಇರ್ಲೇಬೇಕು, ಕಾನೂನು ಬಿಡಿ, ಅದೇ ಹೈಲ್ಯಾಂಡರಲ್ಲಿ ಆಗಿದ್ರೆ ಅಂತ ಯೋಚನೆ ಬಂದು ಕೈ ತಣ್ಣಗಾಯ್ತು. ಆಮೇಲೆ ರ‍್ಯಾಂಪಿಗೆ ಹೋದ್ವಿ. ರ‍್ಯಾಂಪ್ ಅಂದ್ರೆ ಕೆರೆಗೆ ಇಳಿಯುವ ಕಾಂಕ್ರೀಟ್ ಇಳಿಜಾರು, ನೀರಿನ ಅಂಚಲ್ಲಿ ಪಾಚಿ. ಬೋಟಿನ ಭಾರ ಕೆಳಗೆ ಎಳೀತಿರ್ತದೆ, ಮುಂದಿನ ಚಕ್ರ ಹಗುರ, ಹಾಗಾಗಿ ಫ್ರಂಟ್ ವೀಲ್ ಗಾಡಿ ಅಲ್ಲಿ ಚಕ್ರ ತಿರುಗಿಸ್ತಾ ನಿಂತ ಜಾಗದಲ್ಲೇ ನಿಲ್ಲುದು, ಹಿಂದಿನ ಚಕ್ರ ಮಾತ್ರ ಓಡುವ ಪಿಕಪ್ಪೂ ಪಾಚಿ ಮೇಲೆ ಸಿಕ್ಕಿದ್ರೆ ಜಾರುದು. ಫೋರ್ ಲೋ (ನಾಲ್ಕೂ ಚಕ್ರ ನಿಧಾನಕ್ಕೆ, ಜಾಸ್ತಿ ಬಲದಲ್ಲಿ ಓಡುವ ಗೇರು) ಹಾಕಿದೆ, ಆಕ್ಸಿಲರೇಟರ್ ಮೇಲೆ ಕಾಲು ಇಟ್ಟದ್ದೇ ಸೈ, ನಡೆಯುವ ವೇಗದಲ್ಲಿ ಬೋಟ್ ಮೇಲೆ ಬಂತು. 36 ಸಾವಿರ ಡಾಲರ್ ಕೊಟ್ಟು ಆ ಗಾಡಿ ತೆಕ್ಕೊಂಡೆ.

ಟ್ರೇಲರಿನ ಕೆಲಸ ಎರಡು ವಾರ ಹಿಡೀತು. ಆ್ಯಕ್ಚುವೇಟರ್ ಬದಲು, ಎರಡೂ ಆಕ್ಸಲಿಗೆ ಡಿಸ್ಕ್ ಬ್ರೇಕ್. ರಿವರ್ಸ್ ಹೋಗುವಾಗಲೂ ಟ್ರೇಲರ್ ದೂಡ್ತದಲ್ಲ, ಆಗ ಬ್ರೇಕ್ ಹಿಡೀಬಾರ್ದು, ಅದಕ್ಕೆ ಗಾಡಿಯ ರಿವರ್ಸ್ ಲೈಟಿಂದ ಒಂದು ತಂತಿ ಬೇಕು, ನಾಲ್ಕು ಪಿನ್ನಿನ ಸಾದಾ ಪ್ಲಗ್ಗಲ್ಲಿ ಅದು ಬರುದಿಲ್ಲ, ಏಳು ಪಿನ್ನಿಂದು ಹಾಕಿಸಿದೆ. ಟೈರ್ ನೋಡ್ಲಿಕ್ಕೆ ಹೊಸದರ ಹಾಗೇ ಇತ್ತು, ಬದಿಯಲ್ಲಿರುವ ನಾಲ್ಕಂಕಿ ಓದಿದ್ರೆ 2314, ಅಂದ್ರೆ 2014ರ 23ನೇ ವಾರ. ನಾಲ್ಕೂ ತೆಗೆಸಿ ಲೋಡ್ ರೇಂಜ್ ಡಿ ಹಾಕಿಸಿದೆ, ಒಂದೊಂದು 2,540 ಪೌಂಡ್ ಹೊರುವಂಥದ್ದು. ಕಪ್ಲರ್ ಮೇಲೆ 2 ಮತ್ತು 5/16 ಇಂಚು ಅಂತ ಒತ್ತಿತ್ತು, ಅಷ್ಟೇ ಸೈಜಿನ ಬಾಲ್ ಬೇಕು, 2 ಇಂಚಿಂದು ಹಾಕಿದ್ರೆ ಕೂತ ಹಾಗೆ ಕಾಣ್ತದೆ, ಒಂದು ಗುಂಡಿಗೆ ಹಾರಿ ಹೋಗ್ತದೆ. ಈ ಗಾಡಿ ಎತ್ತರ, ಅದಕ್ಕೆ ಆರು ಇಂಚು ಕೆಳಗಿಳಿಯುವ ಬಾಲ್ ಮೌಂಟ್ ತಂದು ಟ್ರೇಲರ್ ನೆಲಕ್ಕೆ ಸಮ ನಿಲ್ಲುವ ಹಾಗೆ ಮಾಡಿದೆ, ಮೂಗು ಮೇಲಾದ್ರೆ ಹಿಂದಿನ ಆಕ್ಸಲ್ ಒಂದೇ ಭಾರ ಹೊರ್ತದೆ.

ಮನೆಯಲ್ಲಿ ಆದ ತೊಂದ್ರೆಯನ್ನೂ ಹೇಳ್ಬೇಕು. ಗಾಡಿ ಸುಮಾರು 21 ಅಡಿ ಉದ್ದ, ನಮ್ಮ ಗ್ಯಾರೇಜ್ 20 ಅಡಿ. ಹೊರಗೆ ನಿಲ್ಲಿಸ್ಬೇಕು. ಬೋಟನ್ನ ಮನೆ ಮುಂದೆ ಒಂದು ದಿನಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ, ಕಾಲನಿಯ ನಿಯಮ, ಹಾಗಾಗಿ ಅದು ಯಾರ್ಡಲ್ಲೇ ಇರ್ತದೆ, ತಿಂಗಳ ಬಾಡಿಗೆ ಉಂಟು. ಖಾಲಿ ಓಡಿಸಿದ್ರೆ ಗ್ಯಾಲನ್‌ಗೆ 14 ಮೈಲಿ, ಬೋಟ್ ಹಾಕಿದ್ರೆ 9. ಹೆಂಡತಿಗೆ ಮೊದಲ ವಾರ ಅದನ್ನ ಪಾರ್ಕ್ ಮಾಡ್ಲಿಕ್ಕೇ ಭಯ ಇತ್ತು, ಈಗ ನನಗಿಂತ ಚೆನ್ನಾಗಿ ಟ್ರೇಲರ್ ರಿವರ್ಸ್ ತೆಕ್ಕೊಳ್ತಾಳೆ, ಸ್ಟಿಯರಿಂಗಿನ ಕೆಳಭಾಗ ಹಿಡಿದು ಟ್ರೇಲರ್ ಯಾವ ಕಡೆ ಹೋಗ್ಬೇಕೋ ಆ ಕಡೆ ಕೈ ತಿರುಗಿಸುದು ಅಂತ ಯಾರ್ಡಿನ ಅದೇ ಅಜ್ಜ ಅವಳಿಗೆ ಕಲಿಸಿದ್ದು.

ಜೂನ್ ಎರಡನೇ ವಾರ ಅಪ್ಪಯ್ಯನನ್ನ ಟೆಕ್ಸೋಮಾಕ್ಕೆ ಕರ್ಕೊಂಡ್ ಹೋದೆ. ಬೋಟ್ ನೋಡುವ ಮೊದಲು ಅವರು ಟ್ರೇಲರಿನ ಸುತ್ತ ಎರಡು ಸುತ್ತು ಹಾಕಿದ್ರು, ವಿಂಚಿನ ಬೆಲ್ಟ್ ಎಳೆದು ನೋಡಿದ್ರು, ಹಿಂದಿನ ಕಟ್ಟು ಬಿಚ್ಚಿ ಮತ್ತೆ ಅವರೇ ಬಿಗಿ ಮಾಡಿದ್ರು. ಸಂಜೆ ವಾಪಸ್ ಬೋಟ್ ಮೇಲೆತ್ತಿದ ಮೇಲೆ ಡ್ರೈನ್ ಪ್ಲಗ್ ತೆಗೆದೆ, ತಳದಿಂದ ಬಕೆಟ್‌ಗಟ್ಟಲೆ ನೀರು ಸುರೀತು. ಇದು ಟೆಕ್ಸಾಸಲ್ಲಿ ಕಡ್ಡಾಯ, 2009ರಲ್ಲಿ ಇದೇ ಟೆಕ್ಸೋಮಾದಲ್ಲಿ ಝೀಬ್ರಾ ಮಸೆಲ್ ಅನ್ನುವ ಸಣ್ಣ ಮರುವಾಯಿಯಂಥ ಜೀವಿ ರಾಜ್ಯದಲ್ಲಿ ಮೊದಲ ಸಲ ಸಿಕ್ಕಿದ್ದು, ಒಂದು ಕೆರೆಯ ನೀರು ಇನ್ನೊಂದಕ್ಕೆ ಹೋಗ್ಬಾರ್ದು ಅಂತ. ತೂಕದ ಲೆಕ್ಕಕ್ಕೂ ಬೇಕು, ನೀರು ಗ್ಯಾಲನ್‌ಗೆ 8 ಪೌಂಡಿಗೂ ಮೇಲೆ, ಇಪ್ಪತ್ತು ಗ್ಯಾಲನ್ ತಳದಲ್ಲಿ ಉಳಿದ್ರೆ ಒಬ್ಬ ಮನುಷ್ಯನನ್ನ ಹೊತ್ತ ಹಾಗೆ.

ಜೂನ್ ಕೊನೆಗೆ ಗಲ್ಫ್ ಕರಾವಳಿಯ ಪೋರ್ಟ್ ಅರಾನ್ಸಸ್‌ಗೆ ಹೊರಟ್ವಿ, ಬೆಳಿಗ್ಗೆ ನಾಲ್ಕಕ್ಕೆ, ವೇಕೋ ಆಸ್ಟಿನ್ ಸ್ಯಾನ್ ಆಂಟೋನಿಯೋ ದಾಟಿ ಕಾರ್ಪಸ್ ಕ್ರಿಸ್ಟಿ ಕಡೆಗೆ. ಟೋ ಹಾಲ್ ಮೋಡ್ (ಭಾರ ಎಳಿಯುವಾಗ ಗೇರ್ ಬದಲಾಗುವ ರೀತಿ ಹೊಂದಿಸುವ ಬಟನ್) ಹಾಕಿ ವೇಗ 62ರಿಂದ 65 ಮೈಲಿ ಒಳಗೇ ಇಟ್ಟೆ. ದಾರಿಯಲ್ಲಿ ಮತ್ತೆ ತೂಗಿದೆ, ಆರು ಜನ ಸಮೇತ, ಟ್ರೇಲರಿಂದು 7,520 ಬಂತು. ನೂರು ಮೈಲಿಗೊಮ್ಮೆ ನಿಲ್ಲಿಸಿ ನಾಲ್ಕೂ ಚಕ್ರದ ಹಬ್ ಮುಟ್ಟಿ ನೋಡ್ಬೇಕು, ಬೇರಿಂಗಿಗೆ ನೀರು ಹೋಗಿ ಗ್ರೀಸ್ ಹಾಳಾಗಿದ್ರೆ ಮೊದಲು ಅಲ್ಲೇ ಬಿಸಿ. ಮೊದಲ ಸ್ಟಾಪಲ್ಲಿ ನಾನು ಮುಟ್ಟಿ ನೋಡ್ತಿದ್ದೆ, ಅಪ್ಪಯ್ಯ ನನ್ನನ್ನ ಸರಿಸಿ ತಾವೇ ಬಗ್ಗಿದ್ರು. ಬೋಟಿನ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ಅಂಗೈಯಲ್ಲೇ ಬೇರಿಂಗ್ ಬಿಸಿ ನೋಡಿದವರು. "ತಣ್ಣಗಿತ್ತ್, ಹ್ವಾಪ" ಅಂದ್ರು. ಮುಂದಿನ ಎಲ್ಲಾ ಸ್ಟಾಪಲ್ಲೂ ಅದು ಅವರದ್ದೇ ಕೆಲಸ ಆಯ್ತು.

ಮೂರು ದಿನ ಸಮುದ್ರ. ಕೊನೆಯ ಸಂಜೆ ಬೋಟ್ ಮೇಲೆತ್ತುವಾಗ ಹೆಂಡತಿ ಗಾಡಿಯಲ್ಲಿದ್ದಳು, ನಾನು ವಿಂಚ್ ಹತ್ರ, ಅಪ್ಪಯ್ಯ ರ‍್ಯಾಂಪಿನ ಬದಿಯಲ್ಲಿ ಹಗ್ಗ ಹಿಡ್ಕೊಂಡು ನಿಂತಿದ್ರು, ಊರಲ್ಲಿ ದೋಣಿ ಎಳೆಯುವಾಗ ನಿಲ್ಲುವ ಹಾಗೆ ಕಾಲು ಊರಿ. ಫೋರ್ ಲೋದಲ್ಲಿ ಬೋಟ್ ನೀರು ಸುರಿಸ್ತಾ ಸದ್ದಿಲ್ಲದೆ ಮೇಲೆ ಬಂತು, ಅವರ ಕೈಯ ಹಗ್ಗ ಬಿಗಿ ಆಗ್ಲೇ ಇಲ್ಲ. "ನಮ್ಮಲ್ಲ್ ಇದನ್ ಎಳುಕೆ ಇಪ್ಪತ್ತ್ ಜನ ಬೇಕಿತ್ತ್ ಮಗಾ" ಅಂದ್ರು. ಆಮೇಲೆ ಉಪ್ಪು ನೀರು ಕಬ್ಬಿಣಕ್ಕೆ ಆಗುದಿಲ್ಲ ಅಂತ ಪೈಪ್ ತೆಕ್ಕೊಂಡು ಟ್ರೇಲರಿನ ಬ್ರೇಕು, ಸ್ಪ್ರಿಂಗು, ಹಬ್ಬು ಒಂದೊಂದಾಗಿ ಸಿಹಿನೀರಲ್ಲಿ ತೊಳೀಲಿಕ್ಕೆ ಶುರು ಮಾಡಿದ್ರು, ಕತ್ತಲಾಗುವವರೆಗೆ ತೊಳೆದ್ರು.